ರೋಗಿಯ ಬಳಿ ಕುಳಿತವರು

ಮನೋರೋಗ ಚಿಕಿತ್ಸೆಯ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ವೈದ್ಯನ ಕಥೆಯನ್ನೂ ರೋಗಿಯ ಕಥೆಯನ್ನೂ ಹೇಳಿ ಮುಗಿಸುತ್ತಾರೆ. ಇವರಿಬ್ಬರ ನಡುವೆ ರಾತ್ರಿಯೆಲ್ಲ ಎಚ್ಚತ್ತಿರುವ ಮೂರನೆಯವರೊಬ್ಬರುಂಟು: ತಾಯಿಯೋ, ಹೆಂಡತಿಯೋ, ಅತ್ತಿಗೆಯೋ. ಅವರ ಅಳಲು ಶಾಸ್ತ್ರದ ಗಮನಕ್ಕೆ ಬಂದುದು ತೀರ ಈಚೆಗೆ. ಬಂದ ದಾರಿಯೂ ಸುತ್ತುಬಳಸಿನದು.

ಹಿಂದಿನ ಹುಚ್ಚಾಸ್ಪತ್ರೆಗಳ ಏರ್ಪಾಟಿನಲ್ಲಿ ಬಂಧುಗಳಿಗೆ ಎಡೆಯಿರಲಿಲ್ಲ. ಆ ಬಾಗಿಲನ್ನು ನಮ್ಮ ದೇಶದಲ್ಲಿ ತೆರೆದವರಲ್ಲಿ ಅಗ್ರಗಣ್ಯರು ಡಾ. ವಿದ್ಯಾಸಾಗರರು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಅವರು ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ಬಂಧುಗಳನ್ನು ರೋಗಿಗಳೊಡನೆಯೇ ಇರಿಸಿಕೊಂಡರು. 1957ರಲ್ಲಿ ಆರಂಭವಾದ ವೆಲ್ಲೂರಿನ ಮಾನಸಿಕ ಆರೋಗ್ಯ ಕೇಂದ್ರವೂ ಮನೆಯವರನ್ನು ಜೊತೆಗಿಟ್ಟುಕೊಳ್ಳುವ ಕ್ರಮವನ್ನೇ ಹಿಡಿಯಿತು.

ಅದೇ ಕಾಲಕ್ಕೆ ಲಂಡನ್ನಿನಲ್ಲಿ ಇದಕ್ಕೆ ವಿರುದ್ಧವೆಂದು ತೋರುವ ಸಂಗತಿಯೊಂದು ಹೊರಬಿದ್ದಿತು. ಜಾರ್ಜ್ ಬ್ರೌನ್, ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಟಾಪಿಂಗ್ ಎಂಬುವರು ಆಸ್ಪತ್ರೆಯಿಂದ ಬಿಡುಗಡೆಯಾದ 200ಕ್ಕೂ ಮಿಕ್ಕ ಗಂಡಸರ ಮುಂದಿನ ಸ್ಥಿತಿಯನ್ನು ಪರಿಶೀಲಿಸಿ 1958ರಲ್ಲಿ ಪ್ರಕಟಿಸಿದರು. ತಂದೆತಾಯಿಯರ ಅಥವಾ ಹೆಂಡತಿಯ ಬಳಿಗೆ ಮರಳಿದವರಿಗಿಂತ, ಒಡಹುಟ್ಟಿದವರಲ್ಲಿ ಅಥವಾ ಬಾಡಿಗೆಯ ಕೋಣೆಗಳಲ್ಲಿ ನಿಂತವರೇ ಮೇಲಾಗಿದ್ದರು! ಕಾರಣವನ್ನು ಹುಡುಕುತ್ತ ಹೋದ ಬ್ರೌನರಿಗೆ ಮನೆಯವರ ಟೀಕೆ, ಹಗೆತನ, ಅತಿಯಾದ ಕಳವಳ ಇವು ಗೋಚರಿಸಿದವು. 1976ರಲ್ಲಿ ವಾನ್ ಮತ್ತು ಲೆಫ್ ಎಂಬುವರು, ಅಂಥ ಬಂಧುವಿನ ಎದುರಿನಲ್ಲಿ ವಾರಕ್ಕೆ 35 ಗಂಟೆಗಳಿಗಿಂತ ಹೆಚ್ಚು ಕಾಲ ಕಳೆಯುವ ರೋಗಿಗೆ ಅಪಾಯ ಅಧಿಕವೆಂದು ತೋರಿಸಿದರು. ಲೆಕ್ಕ ಸರಿಯೇ ಇರಬಹುದು. ಆದರೆ ಆ ಬಂಧುವು ಏಕೆ ಸಿಡುಕುತ್ತಾನೆ, ಅವನು ನಿದ್ರೆಮಾಡಿ ಎಷ್ಟು ದಿನವಾಯಿತು ಎಂಬುದು ಆ ಅಳತೆಗೋಲಿಗೆ ಸಿಕ್ಕುವುದಲ್ಲ.

1987ರಲ್ಲಿ ಪ್ರಕಟವಾದ ಚಂಡೀಗಢದ ಸಂಶೋಧನೆಯು, ಅಲ್ಲಿಯ ಬಂಧುಗಳಲ್ಲಿ ಇಂಥ ಟೀಕೆ ಲಂಡನ್ನಿನವರಿಗಿಂತ ಕಡಿಮೆಯೆಂದು ಕಂಡಿತು. ನಮ್ಮ ಕುಟುಂಬಪದ್ಧತಿಯನ್ನು ಕೊಂಡಾಡುವವರು ಇದನ್ನು ಎತ್ತಿ ಹಿಡಿಯುವುದುಂಟು. ಹೆಮ್ಮೆಪಡಲಿ, ಆದರೆ ಬಾಯಿಬಿಟ್ಟು ಬೈಯದ ಮನೆಯಲ್ಲಿ ನೋವೇ ಇಲ್ಲವೆಂದು ಯಾರು ಹೇಳಬಲ್ಲರು? ನಮ್ಮ ಸೊಸೆಯಂದಿರ ಮೌನವನ್ನು ಬಲ್ಲವರು ಹೇಳಲಾರರು.

ಮೇಲೆ ಹೆಸರಿಸಿದ ಕಾರ್‌ಸ್ಟೇರ್ಸ್ ಭಾರತದಲ್ಲಿಯೇ ಹುಟ್ಟಿದವರು. ಅವರೂ ಆರ್. ಎಲ್. ಕಪೂರರೂ ಕೂಡಿ ಅಂದಿನ ದಕ್ಷಿಣ ಕನ್ನಡದ ಕೋಟದಲ್ಲಿ ನಡೆಸಿದ ಮನೋಕ್ಲೇಶದ ಸಮೀಕ್ಷೆಯು 1976ರಲ್ಲಿ ಗ್ರಂಥವಾಗಿ ಹೊರಬಂದಿತು. ಕಾಸರಗೋಡಿನ ವಾಚಕರಿಗೆ ಕೋಟ ದೂರದ ಊರೇನಲ್ಲ. ಮುಂದೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಕಪೂರರು ಶೈಲಾ ಪೈಯವರೊಡನೆ ಮೂರನೆಯವರ ಕಡೆಗೇ ನೇರವಾಗಿ ತಿರುಗಿದರು. ರೋಗಿಯ ಮನೆಯವರು ಹೊರುವ ಹೊರೆಯನ್ನು ಅಳೆಯಲು ಅವರು ರಚಿಸಿದ ಪ್ರಶ್ನಾವಳಿಯು 1981ರಲ್ಲಿ ಪ್ರಕಟವಾಯಿತು. ಹಣದ ನಷ್ಟ, ದಿನಚರಿಯ ಏರುಪೇರು, ವಿರಾಮದ ಲೋಪ, ಮನೆಮಂದಿಯ ಪರಸ್ಪರ ಸಂಬಂಧ, ಇತರರ ದೇಹಾರೋಗ್ಯ, ಇತರರ ಮನಸ್ಸು ಎಂಬ ಆರು ಬಾಬುಗಳು ಅದರಲ್ಲಿವೆ. ಒಂದೊಂದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ. ದಾದಿಯೊಬ್ಬಳು ಮನೆಗೇ ಹೋಗಿ ಆರೈಕೆ ನೋಡಿಕೊಂಡರೆ ಈ ಹೊರೆ ಇಳಿಯುತ್ತದೆಂಬುದನ್ನು ಅವರೇ ಮುಂದಿನ ಅಧ್ಯಯನಗಳಲ್ಲಿ ತೋರಿಸಿದರು.

ಈ ಬಾಬುಗಳೆಲ್ಲ ಮುಗಿದ ಮೇಲೆ, ರೋಗಿಯ ಕಾಯಿಲೆಯಿಂದ ನೀವು ಎಷ್ಟು ಸಂಕಟಪಟ್ಟಿದ್ದೀರಿ ಎಂದು ಬಂಧುವನ್ನೇ ಕೇಳುವ ಪ್ರಶ್ನೆಯೊಂದುಂಟು. ಉತ್ತರವನ್ನು ಬಂಧುವೇ ಹೇಳಬೇಕು.