ತೇಲುವ ಅರಮನೆಯ ನೆಲಮಾಳಿಗೆ

ಹಡಗಿನ ಮಾತು ಬಂದರೆ ಹೆಚ್ಚಿನವರಿಗೆ ನೆನಪಾಗುವುದು ಟೈಟಾನಿಕ್. ಅದಕ್ಕೊಬ್ಬ ಅಕ್ಕ ಇದ್ದಳೆಂಬುದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. 1911ರ ಜೂನ್ 14ರಂದು ಇಂಗ್ಲೆಂಡಿನ ಸೌತಾಂಪ್ಟನ್ ಬಂದರಿನಿಂದ ನ್ಯೂಯಾರ್ಕಿಗೆ ಮೊದಲ ಪಯಣ ಹೊರಟ ‘ಒಲಿಂಪಿಕ್’ ಅದೇ ಕಂಪೆನಿಯ, ಹೆಚ್ಚುಕಡಿಮೆ ಅದೇ ನಕ್ಷೆಯ ಹಡಗು. ತಂಗಿ ಮೊದಲ ಪಯಣದಲ್ಲೇ ಮುಳುಗಿದಳು. ಅಕ್ಕ 24 ವರ್ಷ ಅಟ್ಲಾಂಟಿಕ್ ಸಾಗರವನ್ನು ದಾಟುತ್ತಲೇ ಇದ್ದಳು. ವಿಮಾನಯಾನವಿಲ್ಲದ ಆ ಕಾಲದಲ್ಲಿ ಜನ ಹೇಗೆ ಸಾಗರ ದಾಟುತ್ತಿದ್ದರು ಎಂಬುದಕ್ಕೆ ಅವಳೇ ಒಳ್ಳೆಯ ಸಾಕ್ಷಿ.

882 ಅಡಿ ಉದ್ದ, ನಾಲ್ಕು ಚಿಮಣಿ. ಹೊಗೆ ಬರುತ್ತಿದ್ದುದು ಮೂರರಿಂದ ಮಾತ್ರ. ನಾಲ್ಕನೆಯದು ಗಾಳಿಯಾಡಲಿಕ್ಕೆ, ಅದಕ್ಕಿಂತ ಹೆಚ್ಚಾಗಿ ನೋಟಕ್ಕೆ!

ಮೊದಲ ದರ್ಜೆಯ ಪ್ರಯಾಣಿಕರು ಸಾಗರದ ಮೇಲಿದ್ದೇವೆಂಬುದನ್ನೇ ಮರೆಯಬೇಕು ಎಂಬುದು ಕಂಪೆನಿಯ ಲೆಕ್ಕಾಚಾರವಾಗಿತ್ತು. ಗಾಜಿನ ಗುಮ್ಮಟದ ಕೆಳಗೆ ಓಕ್ ಮರದ ಭವ್ಯ ಮೆಟ್ಟಿಲು, ಈಜುಕೊಳ, ಟರ್ಕಿ ಶೈಲಿಯ ಹಬೆಸ್ನಾನದ ಕೋಣೆ, ವ್ಯಾಯಾಮಶಾಲೆ, ಒಮ್ಮೆಗೆ 500ಕ್ಕೂ ಹೆಚ್ಚು ಮಂದಿ ಕೂರುವ ಊಟದ ಶಾಲೆ. ಊಟದ ಹೊತ್ತಾಯಿತೆಂದು ಕಹಳೆ ಊದಿ ತಿಳಿಸಲಾಗುತ್ತಿತ್ತು. ರಾತ್ರಿಯೂಟಕ್ಕೆ ಉಡುಪು ಬದಲಿಸದೆ ಹೋಗುವಂತಿರಲಿಲ್ಲ. ಹಿಂದಿನ 24 ಗಂಟೆಗಳಲ್ಲಿ ಹಡಗು ಎಷ್ಟು ಮೈಲಿ ಸಾಗಿತೆಂದು ಪ್ರತಿ ಮಧ್ಯಾಹ್ನ ಪ್ರಕಟಿಸುತ್ತಿದ್ದರು. ಆ ಅಂಕಿಯ ಮೇಲೆ ಪ್ರಯಾಣಿಕರು ಬಾಜಿ ಕಟ್ಟುತ್ತಿದ್ದರು. ಆರೇಳು ದಿನ ನೀರನ್ನೇ ನೋಡುತ್ತ ಕುಳಿತವರಿಗೆ ಬೇರೆ ಕೆಲಸವಾದರೂ ಏನಿತ್ತು?

ಕೆಳಗಿನ ಅಂತಸ್ತುಗಳಲ್ಲಿ ಮೂರನೆಯ ದರ್ಜೆ. ಅಮೆರಿಕದಲ್ಲಿ ಬದುಕು ಕಟ್ಟಿಕೊಳ್ಳಲು ಹೊರಟ ಐರಿಷ್, ಸ್ವೀಡಿಷ್ ಹಾಗೂ ಪೂರ್ವ ಯುರೋಪಿನ ಬಡವರು ಇಲ್ಲಿದ್ದರು. ಹಳೆಯ ಹಡಗುಗಳ ದೊಡ್ಡಿಯಂಥ ಕೋಣೆಗಳಿಗೆ ಹೋಲಿಸಿದರೆ ಇಲ್ಲಿ ಸ್ಥಿತಿ ಉತ್ತಮವೇ. ಸಣ್ಣ ಕ್ಯಾಬಿನ್, ಮೇಜಿನ ಮೇಲೆ ಬಡಿಸಿದ ಊಟ, ಬೆಳಿಗ್ಗೆ ಓಟ್ಸ್ ಗಂಜಿ. ಅನೇಕರು ಮನೆಯಲ್ಲಿ ಇಷ್ಟು ಹೊಟ್ಟೆತುಂಬ ಉಂಡವರಲ್ಲ. ಆದರೆ ಮೇಲಿನವರೊಂದಿಗೆ ಬೆರೆಯುವಂತಿರಲಿಲ್ಲ. ವಲಸಿಗರಿಂದ ರೋಗ ಹರಡೀತೆಂದು ಅಮೆರಿಕದ ಕಾನೂನೇ ಅವರನ್ನು ಪ್ರತ್ಯೇಕವಾಗಿ ಇಡಬೇಕೆಂದಿತ್ತು. ನ್ಯೂಯಾರ್ಕ್ ತಲುಪಿದ ಮೇಲೂ ಮೊದಲೆರಡು ದರ್ಜೆಯವರ ತಪಾಸಣೆ ಹಡಗಿನಲ್ಲೇ ಮುಗಿದರೆ, ಇವರು ಎಲ್ಲಿಸ್ ದ್ವೀಪದಲ್ಲಿ ಸಾಲು ನಿಲ್ಲಬೇಕಿತ್ತು.

ಇವರಿಗಿಂತಲೂ ಕೆಳಗಿದ್ದವರು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. 29 ಬಾಯ್ಲರ್‌ಗಳು, ಅವುಗಳಿಗೆ 159 ಒಲೆಗಳು, ದಿನಕ್ಕೆ ಸುಮಾರು 600 ಟನ್ ಕಲ್ಲಿದ್ದಲು. ಅಷ್ಟನ್ನೂ ಮನುಷ್ಯರೇ ಸಲಿಕೆಯಿಂದ ಎತ್ತಿ ಸುರಿಯಬೇಕು. ನಮ್ಮ ಉಗಿ ರೈಲುಗಳಲ್ಲಿದ್ದಂತೆ ಇಲ್ಲಿಯೂ ಅವರ ಹೆಸರು ಫೈರ್‌ಮನ್. ನಾಲ್ಕು ಗಂಟೆ ದುಡಿಮೆ, ಎಂಟು ಗಂಟೆ ಬಿಡುವು, ಮತ್ತೆ ನಾಲ್ಕು ಗಂಟೆ. ಯಾವ ಒಲೆಗೆ ಯಾವಾಗ ಕಲ್ಲಿದ್ದಲು ಹಾಕಬೇಕೆಂದು ಯಂತ್ರವೊಂದು ಗಂಟೆ ಬಾರಿಸಿ ಹೇಳುತ್ತಿತ್ತು. ಉಗ್ರಾಣದಿಂದ ತಳ್ಳುಗಾಡಿಯಲ್ಲಿ ಕಲ್ಲಿದ್ದಲು ತಂದುಕೊಡುವವರು ಬೇರೆ. ಅವರ ಕೂಲಿ ಇನ್ನೂ ಕಡಿಮೆ. ಮಸಿ ಬಳಿದ ಈ ಮುಖಗಳು ಪ್ರಯಾಣಿಕರಿಗೆ ಕಾಣಬಾರದೆಂದು, ಹಡಗಿನ ಮೂತಿಯ ಬಳಿಯ ಅವರ ಮಲಗುವ ಜಾಗದಿಂದ ಬಾಯ್ಲರ್ ಕೋಣೆಗೆ ಪ್ರತ್ಯೇಕ ಸುರುಳಿ ಮೆಟ್ಟಿಲು ಮತ್ತು ಸುರಂಗದಂಥ ದಾರಿಯನ್ನೇ ಮಾಡಲಾಗಿತ್ತು.

ಈ ಕಾಣದ ಜನ ಒಮ್ಮೆ ಇಡೀ ಹಡಗನ್ನೇ ನಿಲ್ಲಿಸಿದರು. 1912ರ ಏಪ್ರಿಲ್ 15ರಂದು ಟೈಟಾನಿಕ್ ಮುಳುಗಿದಾಗ ಸತ್ತವರಲ್ಲಿ 500ಕ್ಕೂ ಹೆಚ್ಚು ಮಂದಿ ಸೌತಾಂಪ್ಟನ್‌ನಲ್ಲಿ ಮನೆ ಮಾಡಿದ್ದವರು, ಬಹುಪಾಲು ಸಿಬ್ಬಂದಿಯೇ. ಹತ್ತು ದಿನ ತುಂಬುವ ಮೊದಲೇ ಅದೇ ಊರಿನಿಂದ ಒಲಿಂಪಿಕ್ ಹೊರಡಬೇಕಿತ್ತು. ಜೀವರಕ್ಷಕ ದೋಣಿಗಳ ಕೊರತೆ ತುಂಬಲು ಕಂಪೆನಿ ಅವಸರದಲ್ಲಿ ಮಡಚುವ ದೋಣಿಗಳನ್ನು ತಂದು ಪೇರಿಸಿತು. ಅವು ಹಳೆಯವು, ನೀರಿಗಿಳಿಸಲು ಯೋಗ್ಯವಲ್ಲ ಎಂದು ಸುಮಾರು 280 ಫೈರ್‌ಮನ್‌ಗಳು ಹಡಗು ಬಿಟ್ಟಿಳಿದರು. ಬದಲಿ ಜನರನ್ನು ಕರೆತಂದಾಗ, ಅಂಥವರೊಡನೆ ಹೋಗುವುದಿಲ್ಲವೆಂದು 50ಕ್ಕೂ ಹೆಚ್ಚು ನಾವಿಕರೂ ಇಳಿದರು. ಪಯಣ ರದ್ದಾಯಿತು. ನಾವಿಕರ ಮೇಲೆ ದಂಗೆಯ ಮೊಕದ್ದಮೆ ಹೂಡಲಾಯಿತು. ಆರೋಪ ರುಜುವಾತಾಗಿದೆ ಎಂದ ನ್ಯಾಯಾಲಯ, ಸಂದರ್ಭವನ್ನು ಗಮನಿಸಿ ಶಿಕ್ಷೆ ವಿಧಿಸದೆ ಬಿಟ್ಟುಬಿಟ್ಟಿತು. ಮುಂದೆ ಎಲ್ಲರಿಗೂ ಸಾಕಾಗುವಷ್ಟು ದೋಣಿಗಳನ್ನು ಅಳವಡಿಸಿದ ಮೇಲೆ ಒಲಿಂಪಿಕ್ ನಂಬಿಕಸ್ಥ ಹಡಗೆಂದು ಹೆಸರು ಮಾಡಿತು.

ಮೊದಲ ಮಹಾಯುದ್ಧ ಮುಗಿದ ನಂತರ ಬಾಯ್ಲರ್‌ಗಳನ್ನು ತೈಲಕ್ಕೆ ಬದಲಿಸಲಾಯಿತು. ಮಸಿಯ ಕೆಲಸ ತಪ್ಪಿತು, ಜೊತೆಗೆ ನೂರಾರು ಮಂದಿಯ ಕೆಲಸವೂ ಹೋಯಿತು. 1924ರಲ್ಲಿ ಅಮೆರಿಕ ವಲಸೆಗೆ ಬಿಗಿ ಮಿತಿ ಹಾಕಿದಾಗ ಮೂರನೆಯ ದರ್ಜೆಯೂ ಬರಿದಾಗತೊಡಗಿತು. ಆ ಜಾಗವನ್ನು ಕಂಪೆನಿಗಳು ವಿದ್ಯಾರ್ಥಿಗಳಿಗೆ, ಅಧ್ಯಾಪಕರಿಗೆ ಅಗ್ಗದ ಪ್ರವಾಸಿ ದರ್ಜೆಯೆಂದು ಮಾರಿದವು.

1935ರಲ್ಲಿ ಒಲಿಂಪಿಕ್ ನಿವೃತ್ತವಾಯಿತು. ಮರದ ಕೆತ್ತನೆಗಳನ್ನು, ಪೀಠೋಪಕರಣಗಳನ್ನು ಹರಾಜು ಹಾಕಿದರು. ಮೊದಲ ದರ್ಜೆಯ ಕೆಲವು ಗೋಡೆ ಹಲಗೆಗಳನ್ನು ಉತ್ತರ ಇಂಗ್ಲೆಂಡಿನ ಆನಿಕ್ ಪಟ್ಟಣದ ವೈಟ್ ಸ್ವಾನ್ ಹೋಟೆಲಿನಲ್ಲಿ ಜೋಡಿಸಿದರು. ಉಳಿದ ಹಡಗು ಗುಜರಿ ಕಬ್ಬಿಣವಾಯಿತು.