ರೋಮ್ ರಾಜ್ಯವೂ ಅಕೀಯ ಒಕ್ಕೂಟವೂ

ಪ್ರಬಲ ರಾಜ್ಯವೊಂದು ಸಣ್ಣ ರಾಜ್ಯಗಳ ಕೂಟದೊಡನೆ ಬೆಳೆಸಿದ ಸ್ನೇಹವು ಕೊನೆಗೆ ಏನಾಯಿತೆಂಬುದನ್ನು ತಿಳಿಯಬೇಕಾದರೆ ಪುರಾತನ ಗ್ರೀಸ್ ದೇಶದ ಅಕೀಯ ಒಕ್ಕೂಟದ ಚರಿತ್ರೆಯನ್ನು ನೋಡಬೇಕು.

ದಕ್ಷಿಣ ಗ್ರೀಸಿನಲ್ಲಿ ಕ್ರಿ. ಪೂ. 280ರಲ್ಲಿ ನಾಲ್ಕು ಸಣ್ಣ ಪಟ್ಟಣಗಳು ಒಂದುಗೂಡಿ ಈ ಕೂಟವನ್ನು ಪುನಃ ಸ್ಥಾಪಿಸಿದುವು. 251ರಲ್ಲಿ ಅರಾಟಸನೆಂಬ ತರುಣನು ಸಿಕಿಯಾನ್ ಪಟ್ಟಣವನ್ನು ಇದಕ್ಕೆ ಸೇರಿಸಿದಮೇಲೆ ಇದರ ಬಲವು ಹೆಚ್ಚಿತು. ಪ್ರತಿಯೊಂದು ಪಟ್ಟಣವೂ ತನ್ನ ಒಳಾಡಳಿತವನ್ನು ತಾನೇ ನಡೆಸಿಕೊಳ್ಳುತ್ತಿದ್ದಿತು. ಯುದ್ಧ, ಸಂಧಿಗಳ ವಿಚಾರವು ಮಾತ್ರ ಎಲ್ಲರ ಸಭೆಗೆ ಸೇರಿದ್ದಿತು. ದಂಡನಾಯಕನನ್ನು ವರ್ಷಕ್ಕೊಮ್ಮೆ ಚುನಾಯಿಸುತ್ತಿದ್ದರು. ತೂಕ, ಅಳತೆ, ನಾಣ್ಯಗಳು ಎಲ್ಲೆಡೆಯಲ್ಲಿಯೂ ಒಂದೇ ಆಗಿದ್ದುವೆಂದು ಆ ನಾಡಿನವನೇ ಆದ ಇತಿಹಾಸಕಾರ ಪಾಲಿಬಿಯಸನು ಹೇಳುತ್ತಾನೆ.

ಆ ಕಾಲದಲ್ಲಿ ಗ್ರೀಕರನ್ನು ಹಿಡಿತದಲ್ಲಿಟ್ಟುಕೊಂಡಿದ್ದವನು ಮ್ಯಾಸಿಡೋನಿಯದ ದೊರೆ ಐದನೆಯ ಫಿಲಿಪ್ಪನು. 198ರಲ್ಲಿ ಅಕೀಯರು ಅವನನ್ನು ಬಿಟ್ಟು ರೋಮಿನ ಪಕ್ಷವನ್ನು ಹಿಡಿದರು. ಮರುವರ್ಷ ರೋಮಿನ ಸೇನಾನಿ ಫ್ಲಾಮಿನೀನಸನು ಫಿಲಿಪ್ಪನನ್ನು ಸೋಲಿಸಿದನು. 196ರಲ್ಲಿ, ಕಾರಿಂಥ್ ಪಟ್ಟಣದ ಸಮೀಪದಲ್ಲಿ ನಡೆದ ಇಸ್ತ್ಮಿಯ ಕ್ರೀಡೋತ್ಸವದಲ್ಲಿ, ಗ್ರೀಕರು ಇನ್ನು ಸ್ವತಂತ್ರರು, ಕಾವಲುದಂಡೂ ಕಪ್ಪವೂ ಅವರಿಗಿಲ್ಲ ಎಂದು ಡಂಗುರ ಹೊಯ್ಯಿಸಿದನು. ಜನರು ತಮ್ಮ ಕಿವಿಗಳನ್ನೇ ನಂಬದೆ ಅದನ್ನು ಮತ್ತೊಮ್ಮೆ ಸಾರಿಸಿ ಕೇಳಿದರಂತೆ. 194ರಲ್ಲಿ ರೋಮಿನ ಸೈನ್ಯವು ಸ್ವದೇಶಕ್ಕೆ ಹಿಂದಿರುಗಿತು.

ಸೈನ್ಯವು ಹೋಯಿತು; ಆದರೆ ರೋಮಿನ ಮಾತು ಗ್ರೀಸಿನಲ್ಲಿ ಉಳಿಯಿತು. 192ರಲ್ಲಿ ಅಕೀಯರು ಸ್ಪಾರ್ಟವನ್ನು ಒಕ್ಕೂಟಕ್ಕೆ ಸೇರಿಸಿಕೊಂಡಿದ್ದರು. ಒಲ್ಲದ ಮನಸ್ಸಿನಿಂದ ಸೇರಿದ ಸ್ಪಾರ್ಟದವರು ತಮ್ಮ ದೂರುಗಳನ್ನು ಮತ್ತೆ ಮತ್ತೆ ರೋಮಿಗೆ ಕೊಂಡೊಯ್ದರು. 180ರ ಸುಮಾರಿನಲ್ಲಿ ಅಕೀಯರ ರಾಯಭಾರಿ ಕ್ಯಾಲಿಕ್ರೇಟಸನೇ ರೋಮಿನ ಹಿರಿಯರ ಸಭೆಯ ಮುಂದೆ ನಿಂತು, ಸ್ವದೇಶದ ಕಾನೂನಿಗಿಂತ ರೋಮಿನ ಇಚ್ಛೆಯನ್ನು ಮೇಲೆಂದೆಣಿಸುವವರನ್ನು ಎತ್ತಿಹಿಡಿಯಬೇಕೆಂದು ಬಿನ್ನವಿಸಿದನು. ಹೀಗೆ ಮನೆಯ ಜಗಳಕ್ಕೆ ಹೊರಗಿನವನು ನ್ಯಾಯಾಧಿಪತಿಯಾದನು.

168ರಲ್ಲಿ ಮ್ಯಾಸಿಡೋನಿಯವು ಪೂರ್ಣವಾಗಿ ಸೋತಮೇಲೆ ರೋಮಿಗೆ ಅಕೀಯರ ಸಹಾಯವು ಬೇಕಾಗಲಿಲ್ಲ. ಮರುವರ್ಷವೇ ಅವರಲ್ಲಿ ಸಾವಿರ ಮಂದಿ ಪ್ರಮುಖರನ್ನು ಇಟಲಿಗೆ ಸಾಗಿಸಿ, ವಿಚಾರಣೆಯಿಲ್ಲದೆ ಹದಿನಾರು ವರ್ಷಗಳಿಗೂ ಮೇಲ್ಪಟ್ಟು ಇರಿಸಿದರು. ಪಾಲಿಬಿಯಸನೂ ಅವರಲ್ಲೊಬ್ಬ. 150ರಲ್ಲಿ ಬಿಡುಗಡೆಯಾದಾಗ ಉಳಿದಿದ್ದವರು ಮುನ್ನೂರಕ್ಕೂ ಕಡಮೆ.

147ರಲ್ಲಿ ಸ್ಪಾರ್ಟ, ಕಾರಿಂಥ್, ಆರ್ಗಾಸ್ ಮೊದಲಾದ ಪಟ್ಟಣಗಳನ್ನು ಒಕ್ಕೂಟದಿಂದ ಬೇರ್ಪಡಿಸಬೇಕೆಂದು ರೋಮ್ ಆಜ್ಞಾಪಿಸಿತು. ಅಕೀಯರ ನಾಯಕರು ದುಡುಕಿ ಯುದ್ಧಕ್ಕಿಳಿದರು. 146ರಲ್ಲಿ ಮುಮ್ಮಿಯಸನು ಕಾರಿಂಥನ್ನು ಸುಟ್ಟು, ಗಂಡಸರನ್ನು ಕೊಲ್ಲಿಸಿ, ಹೆಂಗಸರನ್ನೂ ಮಕ್ಕಳನ್ನೂ ಗುಲಾಮರಾಗಿ ಮಾರಿದನು. ಸ್ವಾತಂತ್ರ್ಯದ ಡಂಗುರವನ್ನು ಹೊಯ್ಯಿಸಿ ಆಗ ಐವತ್ತು ವರ್ಷಗಳು ಮಾತ್ರ ಕಳೆದಿದ್ದುವು.

ರೋಮಿನ ಲೋಭವೂ ಅಕೀಯರ ದುಡುಕೂ ಈ ನಾಶಕ್ಕೆ ಕಾರಣಗಳೇ ಸರಿ. ಆದರೂ, ತಮ್ಮ ವ್ಯಾಜ್ಯಗಳನ್ನು ತಮ್ಮ ಸಭೆಯಲ್ಲಿಯೇ ತೀರಿಸಿಕೊಳ್ಳುವ ಶಕ್ತಿಯನ್ನು ಕಳೆದುಕೊಂಡ ದಿನದಿಂದಲೇ ಒಕ್ಕೂಟದ ಬುಡವು ಸಡಿಲವಾಗಿದ್ದಿತೆಂಬುದು ಈ ಚರಿತ್ರೆಯನ್ನು ಓದುವವರಿಗೆ ಮನದಟ್ಟಾಗದೆ ಇರದು.