ಫ್ರಾಂಕ್ ಜಾನ್ಸನ್: ಸಹಪಾಠಿ ಗವರ್ನರ್‌ಗೇ ಆದೇಶ ಕೊಟ್ಟ ಅಲಬಾಮಾದ ನ್ಯಾಯಾಧೀಶ

ಅಮೆರಿಕದ ನಾಗರಿಕ ಹಕ್ಕುಗಳ ಹೋರಾಟ ಎಂದರೆ ಥಟ್ಟನೆ ನೆನಪಾಗುವುದು ಮಾರ್ಟಿನ್ ಲೂಥರ್ ಕಿಂಗ್ ಮತ್ತು ರೋಸಾ ಪಾರ್ಕ್ಸ್. ಆ ಹೋರಾಟದ ಹಲವು ದೊಡ್ಡ ಪ್ರಕರಣಗಳು ಮೊದಲು ಬಂದದ್ದು ಅಲಬಾಮಾದ ರಾಜಧಾನಿ ಮಾಂಟ್ಗೊಮರಿಯ ಒಂದು ವಿಚಾರಣಾ ನ್ಯಾಯಾಲಯಕ್ಕೆ. ಅಲ್ಲಿ 24 ವರ್ಷ ನ್ಯಾಯಾಧೀಶರಾಗಿದ್ದವರು ಫ್ರಾಂಕ್ ಎಂ. ಜಾನ್ಸನ್ ಜೂನಿಯರ್ (1918–1999).

ನಮ್ಮಲ್ಲಿ ಕೇಂದ್ರ ಮತ್ತು ರಾಜ್ಯದ ಕಾನೂನುಗಳೆರಡನ್ನೂ ಒಂದೇ ನ್ಯಾಯಾಲಯಗಳು ನೋಡುತ್ತವೆ. ಅಮೆರಿಕದಲ್ಲಿ ಹಾಗಲ್ಲ, ರಾಜ್ಯದ ಕೋರ್ಟುಗಳೇ ಬೇರೆ, ಫೆಡರಲ್ ಕೋರ್ಟುಗಳೇ ಬೇರೆ. ಫೆಡರಲ್ ವ್ಯವಸ್ಥೆಯ ಮೊದಲ ಮೆಟ್ಟಿಲು ಜಿಲ್ಲಾ ನ್ಯಾಯಾಲಯ. ಅಲ್ಲಿನ ನ್ಯಾಯಾಧೀಶರನ್ನು ಅಧ್ಯಕ್ಷರು ಸೆನೆಟ್ ಒಪ್ಪಿಗೆ ಪಡೆದು ಆಜೀವ ಅವಧಿಗೆ ನೇಮಿಸುತ್ತಾರೆ. ಅಲಬಾಮಾದ ರಾಜ್ಯ ನ್ಯಾಯಾಧೀಶರು ಚುನಾವಣೆಯಲ್ಲಿ ಗೆದ್ದು ಬರಬೇಕಿತ್ತು. ಜಾನ್ಸನ್‌ಗೆ ಮತದಾರರ ಹಂಗಿರಲಿಲ್ಲ. ಅವರ ವೃತ್ತಿಜೀವನ ಅರ್ಥವಾಗಬೇಕಾದರೆ ಈ ವ್ಯತ್ಯಾಸ ತಿಳಿದಿರಬೇಕು.

ಅವರು ಹುಟ್ಟಿದ್ದು ಉತ್ತರ ಅಲಬಾಮಾದ ವಿನ್‌ಸ್ಟನ್ ಕೌಂಟಿಯಲ್ಲಿ. ಅಂತರ್ಯುದ್ಧದ ಕಾಲದಲ್ಲಿ ರಾಜ್ಯ ಒಕ್ಕೂಟದಿಂದ ಹೊರಹೋಗುವುದನ್ನು ವಿರೋಧಿಸಿದ್ದ ಗುಡ್ಡಗಾಡು ಪ್ರದೇಶವದು. ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದುವಾಗ ಅವರಿಗೆ ಸಹಪಾಠಿಯಾಗಿದ್ದವರು ಜಾರ್ಜ್ ವಾಲೇಸ್. ಎರಡನೇ ಮಹಾಯುದ್ಧದಲ್ಲಿ ನಾರ್ಮಂಡಿಯಲ್ಲಿ ಹೋರಾಡಿ ಗಾಯಗೊಂಡ ಜಾನ್ಸನ್, ಮರಳಿ ವಕೀಲಿಕೆ ಹಿಡಿದರು. 1955ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರನ್ನು ನ್ಯಾಯಾಧೀಶರಾಗಿ ನೇಮಿಸಿದಾಗ ವಯಸ್ಸು ಕೇವಲ 36.

ಹುದ್ದೆಗೆ ಬಂದ ಕೆಲವೇ ವಾರಗಳಲ್ಲಿ, ಡಿಸೆಂಬರ್ 1ರಂದು, ಬಸ್ಸಿನಲ್ಲಿ ಸೀಟು ಬಿಡಲೊಪ್ಪದ ರೋಸಾ ಪಾರ್ಕ್ಸ್ ಬಂಧನವಾಯಿತು. ಬಸ್ ಬಹಿಷ್ಕಾರ ಶುರುವಾಯಿತು. ಬಸ್ಸಿನ ವರ್ಣಭೇದವನ್ನು ಪ್ರಶ್ನಿಸಿದ 'ಬ್ರೌಡರ್ ವಿರುದ್ಧ ಗೇಲ್' ಪ್ರಕರಣದಲ್ಲಿ ಪಾರ್ಕ್ಸ್ ಅರ್ಜಿದಾರರಾಗಿರಲಿಲ್ಲ ಎಂಬುದು ಹಲವರಿಗೆ ಗೊತ್ತಿಲ್ಲ. 1956ರ ಜೂನ್‌ನಲ್ಲಿ ಮೂವರು ನ್ಯಾಯಾಧೀಶರ ಪೀಠ 2–1 ಬಹುಮತದಿಂದ ಬಸ್ ಭೇದ ಅಸಾಂವಿಧಾನಿಕ ಎಂದಿತು. ಬಹುಮತದಲ್ಲಿ ಇದ್ದವರು ರಿಚರ್ಡ್ ರೈವ್ಸ್ ಮತ್ತು ಜಾನ್ಸನ್. 1954ರ ಬ್ರೌನ್ ತೀರ್ಪು ಶಾಲೆಗಳಿಗಷ್ಟೇ ಸಂಬಂಧಿಸಿದ್ದಾಗಿತ್ತು. ಅದೇ ತರ್ಕವನ್ನು ಇವರು ಬಸ್ಸಿಗೂ ಅನ್ವಯಿಸಿದರು. ಸುಪ್ರೀಂ ಕೋರ್ಟ್ ನವೆಂಬರ್‌ನಲ್ಲಿ ಅದನ್ನು ಎತ್ತಿಹಿಡಿಯಿತು.

ಬಿಳಿಯರ ಸಮಾಜ ಅವರನ್ನು ದೂರವಿಟ್ಟಿತು. ಮನೆಯಂಗಳದಲ್ಲಿ ಕ್ಲಾನ್‌ನವರ ಶಿಲುಬೆ ಉರಿಯಿತು. 1967ರಲ್ಲಿ ಅವರ ತಾಯಿಯ ಮನೆಗೆ ಬಾಂಬ್ ಬಿತ್ತು. ಗುರಿ ಮಗನೇ ಎಂದು ನಂಬಲಾಗಿದೆ. ತಾಯಿ ಪಾರಾದರು. ವರ್ಷಗಟ್ಟಲೆ ಮಾರ್ಷಲ್‌ಗಳ ಕಾವಲಿನಲ್ಲೇ ಆ ಕುಟುಂಬ ಬದುಕಿತು.

ಹಾಗೆಂದು ಜಾನ್ಸನ್ ಚಳವಳಿಗಾರರ ಪರ ವಕೀಲರಂತೆ ವರ್ತಿಸಿದವರಲ್ಲ. ಕಪ್ಪು ಮತದಾರರನ್ನು ಹೊರಗಿಡಲು ಟಸ್ಕೀಗೀ ನಗರದ ಗಡಿಯನ್ನೇ ಬದಲಿಸಿದ ಪ್ರಕರಣವನ್ನು ಹಳೆಯ ತೀರ್ಪುಗಳ ಆಧಾರದಲ್ಲಿ ಅವರೇ ವಜಾ ಮಾಡಿದ್ದರು. 1960ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಸಹಪಾಠಿ ವಾಲೇಸ್ ವಿಷಯದಲ್ಲೂ ಅಷ್ಟೇ. ಆಗ ರಾಜ್ಯ ನ್ಯಾಯಾಧೀಶರಾಗಿದ್ದ ವಾಲೇಸ್, ಮತದಾರರ ನೋಂದಣಿ ದಾಖಲೆ ಕೊಡುವುದಿಲ್ಲ ಎಂದು ಬಹಿರಂಗವಾಗಿ ಗುಡುಗಿ, ಗುಟ್ಟಾಗಿ ಗ್ರ್ಯಾಂಡ್ ಜ್ಯೂರಿಗಳ ಕೈಯಿಂದ ಕೊಡಿಸಿದ್ದರು. ದಾಖಲೆ ಸಿಕ್ಕಿತಲ್ಲ ಎಂದು 1959ರಲ್ಲಿ ಜಾನ್ಸನ್ ನ್ಯಾಯಾಂಗ ನಿಂದನೆ ಆರೋಪ ಕೈಬಿಟ್ಟರು. ಜೈಲಿಗೆ ಹೋಗಿ ಹುತಾತ್ಮರಂತೆ ಮೆರೆಯುವ ಅವಕಾಶ ವಾಲೇಸ್‌ಗೆ ತಪ್ಪಿತು.

1963ರಲ್ಲಿ ವಾಲೇಸ್ ಗವರ್ನರ್ ಆದರು. 1965ರ ಮಾರ್ಚ್ 7ರಂದು ಸೆಲ್ಮಾದ ಸೇತುವೆಯ ಮೇಲೆ ಮೆರವಣಿಗೆಗಾರರನ್ನು ಪೊಲೀಸರು ಬಡಿದರು. ಹೋರಾಟಗಾರರು ಕೋರ್ಟಿಗೆ ಬಂದಾಗ ಜಾನ್ಸನ್ ಮೊದಲು ಮಾಡಿದ್ದು, ವಿಚಾರಣೆ ಮುಗಿಯುವವರೆಗೆ ಮೆರವಣಿಗೆಗೆ ತಡೆ. ಮಾರ್ಚ್ 9ರಂದು ಕಿಂಗ್ ಸೇತುವೆ ದಾಟಿ ಹಿಂದಿರುಗಬೇಕಾಯಿತು. ಸಾಕ್ಷ್ಯ ಕೇಳಿದ ಮೇಲೆ, ಮಾರ್ಚ್ 17ರಂದು, ಅನುಮತಿ ಬಂತು. ಅನ್ಯಾಯ ಎಷ್ಟು ದೊಡ್ಡದೋ ಪ್ರತಿಭಟಿಸುವ ಹಕ್ಕೂ ಅಷ್ಟೇ ವಿಸ್ತಾರವಾಗಿರಬೇಕು ಎಂಬುದು ಆದೇಶದ ತಿರುಳು. ಹೆದ್ದಾರಿ ಕಿರಿದಾಗುವ ಕಡೆ 300 ಜನಕ್ಕಿಂತ ಹೆಚ್ಚು ನಡೆಯುವಂತಿಲ್ಲ ಎಂಬ ಷರತ್ತೂ ಇತ್ತು. 54 ಮೈಲಿ ನಡೆದ ಜನ ಮಾರ್ಚ್ 25ರಂದು ಮಾಂಟ್ಗೊಮರಿ ಮುಟ್ಟಿದರು. ಆ ವರ್ಷವೇ ಮತದಾನ ಹಕ್ಕು ಕಾಯ್ದೆ ಬಂತು.

ಅಷ್ಟಾಗಿ ಸುದ್ದಿಯಾಗದಿದ್ದರೂ ಅವರ ಇನ್ನೊಂದು ದೊಡ್ಡ ಕೆಲಸ 'ವ್ಯಾಟ್ ವಿರುದ್ಧ ಸ್ಟಿಕ್ನಿ'. ಟಸ್ಕಲೂಸಾದ ಬ್ರೈಸ್ ಮಾನಸಿಕ ಆಸ್ಪತ್ರೆಯಲ್ಲಿ ಸುಮಾರು 5,000 ರೋಗಿಗಳಿದ್ದರು. ಸಿಗರೇಟ್ ತೆರಿಗೆಯ ಆದಾಯ ಕುಸಿದು ಸಿಬ್ಬಂದಿಯನ್ನು ತೆಗೆದುಹಾಕಿದಾಗ ಪ್ರಕರಣ ದಾಖಲಾಯಿತು. ಬಲವಂತವಾಗಿ ಸೇರಿಸಿಕೊಂಡವರಿಗೆ ಚಿಕಿತ್ಸೆ ಪಡೆಯುವ ಹಕ್ಕಿದೆ ಎಂದು 1971ರಲ್ಲಿ ಹೇಳಿದ ಜಾನ್ಸನ್, ಮರುವರ್ಷ ಕನಿಷ್ಠ ಮಾನದಂಡಗಳನ್ನೇ ಬರೆದುಕೊಟ್ಟರು: ಒಂದು ಕೋಣೆಯಲ್ಲಿ ಆರಕ್ಕಿಂತ ಹೆಚ್ಚು ರೋಗಿಗಳಿರಬಾರದು, ಎಂಟು ಜನಕ್ಕೊಂದು ಶೌಚಾಲಯ ಇರಬೇಕು. ಆಡಳಿತ ನಡೆಸುವುದು ನ್ಯಾಯಾಧೀಶರ ಕೆಲಸವೇ ಎಂಬ ಟೀಕೆ ಬಂತು. 1976ರಲ್ಲಿ ರಾಜ್ಯದ ಜೈಲುಗಳಿಗೂ ಇಂಥದೇ ಆದೇಶ ಹೊರಟಿತು.

1977ರಲ್ಲಿ ಅಧ್ಯಕ್ಷ ಕಾರ್ಟರ್ ಅವರನ್ನು ಎಫ್‌ಬಿಐ ಮುಖ್ಯಸ್ಥರ ಹುದ್ದೆಗೆ ಹೆಸರಿಸಿದರಾದರೂ ಅನಾರೋಗ್ಯದಿಂದ ಅದು ಕೈಗೂಡಲಿಲ್ಲ. 1979ರಲ್ಲಿ ಮೇಲ್ಮನವಿ ನ್ಯಾಯಾಲಯಕ್ಕೆ ಬಡ್ತಿ, 1995ರಲ್ಲಿ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕ. ಮಾಂಟ್ಗೊಮರಿಯ ಫೆಡರಲ್ ಕೋರ್ಟ್ ಕಟ್ಟಡಕ್ಕೆ ಈಗ ಅವರದೇ ಹೆಸರು. 1999ರ ಜುಲೈ 23ರಂದು ಅವರು ತೀರಿಕೊಂಡಾಗ ವ್ಯಾಟ್ ಪ್ರಕರಣ ಇನ್ನೂ ಜೀವಂತವಾಗಿತ್ತು. ಅದು ಮುಕ್ತಾಯವಾದದ್ದು 2003ರಲ್ಲಿ, ದಾಖಲಾದ 33 ವರ್ಷಗಳ ಬಳಿಕ.